ಚೀಲದಲ್ಲಿ ಮೂರು ಚೆಂಡು

ನನ್ನ ಮಾವ ಅಂಪೈರಿನ ಮಾಸ್ಕ್ ಕಳಚಿ, ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅಷ್ಟು ಜನರ ಎದುರಿಗೆ ನನ್ನ ಕಡೆಗೇ ನಡೆದು ಬರುವುದನ್ನು ಕಂಡು ನನ್ನ ಎದೆ ಝಲ್ಲೆಂದಿತು. ಐದು ವರ್ಷದಲ್ಲಿ ಅವರು ಒಮ್ಮೆಯೂ ಹಾಗೆ ಬಂದದ್ದಿಲ್ಲ. ಬರುತ್ತಾರೆಂಬ ಆಸೆಯನ್ನೂ ನಾನು ಬಿಟ್ಟಿದ್ದೆ. ಎದೆಯ ಮೇಲೆ ಇಟ್ಟುಕೊಂಡಿದ್ದ ಬಲಗೈಯನ್ನು ಕೆಳಗಿಳಿಸುವುದೂ ನನಗೆ ಮರೆತುಹೋಯಿತು.

ಆ ಕೈಯ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮದು ಭಾನುವಾರದ ಬೇಸ್‌ಬಾಲ್. ಅಂಚೆಯವರು, ಬಸ್ ಡಿಪೊದವರು, ನೀರು ಸರಬರಾಜಿನವರು, ಆಸ್ಪತ್ರೆಯವರು, ಹೀಗೆ ಎಂಟು ಕಡೆಯ ನೌಕರರ ಎಂಟು ತಂಡ. ದೊಡ್ಡ ಪಂದ್ಯಗಳಲ್ಲಿ ನಾಲ್ವರು ಅಂಪೈರುಗಳು, ಮೂಲೆಗೊಂದು ಕ್ಯಾಮೆರಾ. ನಮಗೆ ಇಬ್ಬರೇ. ಬ್ಯಾಟು ಬೀಸುವ ಜಾಗದಲ್ಲಿ ನೆಲಕ್ಕೆ ಹುಗಿದ ಬಿಳಿ ರಬ್ಬರ್ ಹಲಗೆ ಇರುತ್ತದಲ್ಲ, ಹೋಮ್ ಪ್ಲೇಟ್, ಅದರ ಹಿಂದೆ ಮಾವ. ಓಡುವವರು ಒಂದೊಂದಾಗಿ ಮುಟ್ಟುತ್ತಾ ಬರಬೇಕಾದ ಉಳಿದ ಮೂರು ಬೇಸುಗಳಿಗೂ ಸೇರಿ ನಾನು. ಒಬ್ಬರು ಕೊಟ್ಟ ತೀರ್ಪನ್ನು ಇನ್ನೊಬ್ಬರು ತಿದ್ದುವಂತಿಲ್ಲ. ಕೇಳದೆ ಬಾಯಿ ಹಾಕುವಂತೆಯೂ ಇಲ್ಲ. ಕೊಟ್ಟವರೇ ಬಂದು ಕೇಳಬೇಕು, ಬದಲಿಸುವುದಾದರೆ ಕೊಟ್ಟವರೇ ಬದಲಿಸಬೇಕು. ಅದಕ್ಕಾಗಿ ಜೊತೆಗಾರ ಅಂಪೈರುಗಳು ತಮ್ಮತಮ್ಮಲ್ಲೇ ಒಂದು ಸನ್ನೆ ಗೊತ್ತು ಮಾಡಿಕೊಂಡಿರುತ್ತಾರೆ. ನಮ್ಮದು ಬಲಗೈ ಎದೆಯ ಮೇಲೆ. ನಿಮಗೆ ಕಾಣದ್ದು ನನಗೆ ಕಂಡಿದೆ, ಬೇಕಾದರೆ ಬಂದು ಕೇಳಿ ಎಂದು ಅದರ ಅರ್ಥ.

ಐದು ವರ್ಷದಲ್ಲಿ ಹನ್ನೊಂದು ಸಲ ಎದೆಯ ಮೇಲೆ ಕೈ ಇಟ್ಟಿದ್ದೇನೆ. ಹನ್ನೊಂದು ಸಲವೂ ಮಾವ ಅದನ್ನು ನೋಡಿದರು. ನೋಡಿ, ಮಾಸ್ಕ್ ಎಳೆದುಕೊಂಡು, "ಪ್ಲೇ" ಅಂದರು.

ಅವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ವಾರದ ಐದು ದಿನ ಅವರು ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆ ತೆಗೆದುಕೊಳ್ಳುವ ಅಧಿಕಾರಿ. ಊರಿನ ಅರ್ಧ ಜನ ಒಮ್ಮೆಯಾದರೂ ಅವರ ಕೈಯಲ್ಲಿ ಫೇಲಾದವರು. ನಾನೂ ಫೇಲಾದವನೇ. ನಾನು ಅವರನ್ನು ಮೊದಲು ಕಂಡದ್ದೇ ಪರೀಕ್ಷೆಯ ಕಾರಿನಲ್ಲಿ, ನನ್ನ ಪಕ್ಕದ ಸೀಟಿನಲ್ಲಿ. ತಿರುವಿನಲ್ಲಿ ಕನ್ನಡಿ ನೋಡಲಿಲ್ಲ ಅಂದರು. ನೋಡಿದೆ ಸಾರ್ ಅಂದೆ. "ಕಣ್ಣು ಆ ಕಡೆ ತಿರುಗಿಸಿದ್ರಿ. ನೋಡ್ಲಿಲ್ಲ" ಅಂದು ಹಾಳೆಯ ಮೇಲೆ ಗೀಟು ಎಳೆದರು. ಮೂರು ತಿಂಗಳ ಮೇಲೆ ಲೈಸೆನ್ಸ್ ಕೊಟ್ಟರು, ಮೂರು ವರ್ಷದ ಮೇಲೆ ಮಗಳನ್ನೂ ಕೊಟ್ಟರು. ಆ ಗೀಟನ್ನು ಮಾತ್ರ ಇವತ್ತಿಗೂ ವಾಪಸು ತೆಗೆದುಕೊಂಡಿಲ್ಲ.

ನನ್ನದು ಫ್ರಿಜ್ ರಿಪೇರಿ ಕೆಲಸ. ಜನ ಫೋನ್ ಮಾಡಿ ಸದ್ದು ಹೇಗೆ ಬರುತ್ತಿದೆ ಎಂದು ಹೇಳಿದರೆ ಸಾಕು, ಕೂತಲ್ಲೇ ರೋಗ ಹೇಳುತ್ತೇನೆ. ಹತ್ತರಲ್ಲಿ ಒಂಬತ್ತು ಸರಿಯಾಗಿರುತ್ತದೆ. ಹತ್ತನೆಯದರ ಸುದ್ದಿ ನಾನು ಯಾರ ಹತ್ತಿರವೂ ಎತ್ತುವುದಿಲ್ಲ.

ಹೋದ ವಾರ ಊಟದ ಮೇಜಿನ ಮುಂದೆ ನಮ್ಮಿಬ್ಬರಿಗೂ ಜೋರು ಮಾತಾಯಿತು. ಅಂದಿನ ಆಟದಲ್ಲೂ ನಾನು ಎದೆಯ ಮೇಲೆ ಕೈ ಇಟ್ಟಿದ್ದೆ, ಅವರು ಬಂದಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಅನ್ನಬಾರದ್ದನ್ನು ಅಂದೆ.

"ಒಂದು ಸಲ ತಪ್ಪಾಯ್ತು ಅಂತ ಒಪ್ಪಿಕೊಂಡ್ರೆ ತಲೆ ಮೇಲಿನ ಕಿರೀಟ ಬಿದ್ದುಹೋಗುತ್ತಾ ಮಾವ?"

"ಅಪ್ಪನ ಹತ್ರ ಹಂಗೆಲ್ಲಾ ಮಾತಾಡ್ಬೇಡಿ" ಅಂದಳು ಹೆಂಡತಿ.

ಮಾವ ಸಿಟ್ಟಾಗಲಿಲ್ಲ. "ಜನ ಕೂಗಿದ್ರು ಅಂತ ತೀರ್ಪು ಬದಲಿಸಬಾರದು ಅಳಿಯಂದ್ರೇ. ನನಗೇ ಅನುಮಾನ ಬಂತು ಅಂತಲೂ ಬದಲಿಸಬಾರದು. ಅನುಮಾನ ಎಲ್ಲದರ ಮೇಲೂ ಬರುತ್ತೆ. ನಾನು ನೋಡದ್ದನ್ನ ಇನ್ನೊಬ್ಬರು ಕಣ್ಣಾರೆ ನೋಡಿದ್ರೆ, ಆವಾಗ ಮಾತ್ರ."

"ನಾನು ಕಣ್ಣಾರೆ ನೋಡಿದ್ದೆ. ಹನ್ನೊಂದು ಸಲ. ನಾನೇನು ಅಲ್ಲಿ ದೃಷ್ಟಿಬೊಂಬೆನಾ?"

ಅವರು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು, ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟು ಮಲಗಲು ಹೋದರು. ಅಷ್ಟೇ ಆದದ್ದು. ನಾನಂತೂ ಅದನ್ನು ಮಾರನೆಯ ದಿನವೇ ಮರೆತಿದ್ದೆ.

ಈಗ ಈ ಭಾನುವಾರಕ್ಕೆ ಬರುತ್ತೇನೆ. ಅಂಚೆಯವರಿಗೂ ಡಿಪೊದವರಿಗೂ ಸೆಮಿಫೈನಲ್. ಬೆಳಿಗ್ಗೆ ಮಾವ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಆರು ಹೊಸ ಚೆಂಡುಗಳನ್ನು ಮುಂದಿಟ್ಟುಕೊಂಡು, ಒಂದೊಂದಕ್ಕೂ ಒದ್ದೆ ಮಣ್ಣು ತಿಕ್ಕಿದರು. ಹೊಸ ಚೆಂಡು ಜಾರುತ್ತದೆ, ಹಾಗಾಗಿ ಹೊಳಪು ತೆಗೆದೇ ಆಟಕ್ಕೆ ಕೊಡಬೇಕು. ಆಮೇಲೆ ಅವನ್ನು ಸೊಂಟಕ್ಕೆ ಕಟ್ಟುವ ಬಟ್ಟೆಯ ಚೀಲಕ್ಕೆ ಹಾಕಿಕೊಂಡರು. ಪ್ಲೇಟಿನ ಹಿಂದೆ ನಿಲ್ಲುವ ಅಂಪೈರಿನ ಸೊಂಟದಲ್ಲಿ ಆ ಚೀಲ ಇದ್ದೇ ಇರುತ್ತದೆ. ಆಟದ ಚೆಂಡು ಹಾಳಾದರೆ, ಕಳೆದರೆ, ಅದರಿಂದಲೇ ಇನ್ನೊಂದನ್ನು ತೆಗೆದುಕೊಡುವುದು.

"ಆ ಚೀಲದ ಗುಂಡಿ ಕಿತ್ತು ತಿಂಗಳಾಯ್ತು" ಅಂದಳು ಹೆಂಡತಿ ನನ್ನನ್ನು ನೋಡಿ. "ಹೊಲೀತೀನಿ ಅಂತ ಸೂಜಿ ಇಸ್ಕೊಂಡೋರು ನೀವೇ."

"ಹೊಲೀತೀನಿ" ಅಂದೆ. ಮಾವ ಒಂದು ಪಿನ್ನು ಚುಚ್ಚಿಕೊಂಡರು.

ಅಂಚೆ ತಂಡದ ಕ್ಯಾಚರ್ ನಮ್ಮ ಬೀದಿಯ ಪೋಸ್ಟ್‌ಮ್ಯಾನ್. ಕ್ಯಾಚರ್ ಅಂದರೆ ಪ್ಲೇಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ದಪ್ಪ ಗ್ಲೌನಲ್ಲಿ ಚೆಂಡು ಹಿಡಿಯುವವರು. ಇಪ್ಪತ್ತೆರಡು ವರ್ಷದಿಂದ ಊರಿಗೆ ಕಾಗದ ಹಂಚುತ್ತಿರುವ ಮನುಷ್ಯ. ಹತ್ತೊಂಬತ್ತು ವರ್ಷದಿಂದ ಆಡುತ್ತಿದ್ದರೂ ಒಮ್ಮೆಯೂ ಫೈನಲ್ ಕಂಡವರಲ್ಲ. ಮುಂದಿನ ತಿಂಗಳು ಮಂಡಿಯ ಆಪರೇಷನ್, ಆಮೇಲೆ ಆಟ ಇಲ್ಲ ಎಂದು ಬೀದಿಗೆಲ್ಲಾ ಹೇಳಿಕೊಂಡಿದ್ದರು. ಶನಿವಾರ ನನ್ನ ಕೈಗೆ ವಿದ್ಯುತ್ ಬಿಲ್ಲು ಕೊಡುತ್ತಾ, "ನಾಳೆ ಗೆದ್ರೆ ಫೈನಲ್ ಸಾರ್" ಎಂದು ಬಿಲ್ಲಿನ ಬದಲು ಬಹುಮಾನ ಕೊಡುವವರಂತೆ ನಕ್ಕಿದ್ದರು.

ಕೊನೆಯ ಇನ್ನಿಂಗ್ಸಿನ ಹೊತ್ತಿಗೆ ಎರಡೂ ತಂಡ ಸಮಸಮ. ಡಿಪೊದವರ ಸರದಿ, ಅವರ ಇಬ್ಬರು ಔಟಾಗಿದ್ದರು. ಎರಡನೇ ಬೇಸಿನಲ್ಲಿ ನಿಂತಿದ್ದವನು ಒಬ್ಬ ಡ್ರೈವರ್. ಆಳಿನ ಗಾತ್ರ ನೋಡಿ ಎಲ್ಲರೂ ಅವನನ್ನು ಡಬಲ್ ಡೆಕ್ಕರ್ ಅನ್ನುತ್ತಾರೆ. ಅವನು ಓಡಿ ಬಂದು ಪ್ಲೇಟ್ ಮುಟ್ಟಿದರೆ ಡಿಪೊ ಗೆದ್ದಂತೆ. ಮುಟ್ಟುವ ಮೊದಲು ಪೋಸ್ಟ್‌ಮ್ಯಾನ್ ಚೆಂಡು ಹಿಡಿದು ಅವನಿಗೆ ತಾಗಿಸಿದರೆ ಔಟ್, ಆಟ ಮುಂದುವರಿಯುತ್ತದೆ. ಆದರೆ ತಾಗಿಸುವಾಗ ಚೆಂಡು ಗ್ಲೌನಿಂದ ಜಾರಿ ಬಿದ್ದರೆ ಔಟಲ್ಲ.

ಹೊಡೆತ ಎಡಕ್ಕೆ ಹೋಯಿತು. ಡಬಲ್ ಡೆಕ್ಕರ್ ಹೊರಟ. ನನ್ನ ಕೆಲಸ ಅವನನ್ನು ನೋಡುವುದಲ್ಲ, ಚೆಂಡು ಹೊಡೆದವನು ಮೊದಲ ಬೇಸ್ ಮುಟ್ಟಿದನೇ ಎಂದು ನೋಡುವುದು. ನೋಡಿದೆ. ಮುಟ್ಟಿದ. ಅಷ್ಟರಲ್ಲಿ ಬೆನ್ನ ಹಿಂದೆ ದಢಾರೆಂದು ಸದ್ದಾಯಿತು. ತಿರುಗಿದೆ. ಪ್ಲೇಟಿನ ಹತ್ತಿರ ಬರೀ ಧೂಳು. ಅದರೊಳಗೆ ಡಬಲ್ ಡೆಕ್ಕರ್ ಅಂಗಾತ ಬಿದ್ದಿದ್ದ. ಪೋಸ್ಟ್‌ಮ್ಯಾನ್ ಹೊಟ್ಟೆ ಹಿಡಿದುಕೊಂಡು ಮುದುಡಿದ್ದರು. ಇಬ್ಬರೂ ಉರುಳಿ ಬಂದ ರಭಸಕ್ಕೆ ಮಾವನೂ ಒಂದು ಮಂಡಿಯ ಮೇಲೆ ಕುಸಿದಿದ್ದರು. ಕುಸಿದಲ್ಲಿಂದಲೇ ಮುಷ್ಟಿ ಎತ್ತಿದ್ದರು. ಔಟ್.

ಅವರ ಕಾಲಿನಿಂದ ಎರಡು ಮಾರು ದೂರದಲ್ಲಿ, ನೆಲದ ಮೇಲೆ ಚೆಂಡು.

ನನ್ನ ಕೈ ತಾನಾಗಿಯೇ ಎದೆಗೆ ಹೋಯಿತು. ಹನ್ನೆರಡನೇ ಸಲ. ಅವರು ಬರುತ್ತಾರೆ ಎಂದಲ್ಲ. ನೋಡಿ, ಇವತ್ತೂ ಬರುವುದಿಲ್ಲ, ರಾತ್ರಿ ಊಟಕ್ಕೆ ಕೂತಾಗ ಹೇಳಲು ಇನ್ನೊಂದು ಸಿಕ್ಕಿತು ಎಂದು. ನನ್ನ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಡಿಪೊ ತಂಡದ ನಾಯಕನಾದ ಕಂಡಕ್ಟರ್ ಓಡಿ ಬಂದು, ಚೆಂಡು ಇಲ್ಲೇ ಬಿದ್ದಿದೆ ನೋಡಿ ಎಂದು ಬೊಬ್ಬೆ ಹಾಕುತ್ತಿದ್ದ. ಅಂಚೆಯವರೂ ಆ ಚೆಂಡನ್ನು ನೋಡಿದರು, ನೋಡಿ ಅವರ ಮುಖ ಸಣ್ಣದಾಯಿತು. ಎದುರಿಗೇ ಒಂದು ಚೆಂಡು ಬಿದ್ದಿರುವಾಗ ಇನ್ನೊಂದನ್ನು ಹುಡುಕುವವರು ಯಾರು? ಅವರಲ್ಲಿ ಇಬ್ಬರು ಪೋಸ್ಟ್‌ಮ್ಯಾನನ್ನು ಎತ್ತಿ, ಮುದುಡಿದ್ದವರನ್ನು ಮುದುಡಿದಂತೆಯೇ ಬೆಂಚಿಗೆ ಸಾಗಿಸಿದರು. ನಾನು ಹೋಗಿ ಚೆಂಡನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು ನನ್ನ ಜಾಗಕ್ಕೆ ಬಂದು ನಿಂತೆ, ಮತ್ತೆ ಎದೆಯ ಮೇಲೆ ಕೈ ಇಟ್ಟೆ.

ಆಗ ಮಾವ ಬಂದರು.

ಹತ್ತಿರ ಬಂದು, ತುಟಿ ಯಾರಿಗೂ ಕಾಣದಂತೆ ಮಾಸ್ಕನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದರು. "ಏನು ನೋಡಿದ್ರಿ?"

"ಚೆಂಡು ಬಿತ್ತು ಮಾವ."

"ನಾನು ಗ್ಲೌನಲ್ಲಿ ನೋಡಿದೆ. ತಾಗಿಸಿದ್ದೂ ನೋಡಿದೆ. ಆಮೇಲೆ ಅವರಿಬ್ರೂ ನನ್ನ ಕಾಲಿಗೆ ಬಂದು ಬಿದ್ರು. ಒಂದೆರಡು ಕ್ಷಣ ನನಗೆ ಏನೂ ಕಾಣಲಿಲ್ಲ. ಆ ಹೊತ್ತು ನಿಮ್ಮ ಕಣ್ಣು ಇಲ್ಲಿತ್ತಾ? ನೀವು ಮೊದಲ ಬೇಸ್ ನೋಡ್ಬೇಕಿತ್ತಲ್ಲ."

"ಅಷ್ಟರಲ್ಲಿ ತಿರುಗಿದ್ದೆ."

"ಗ್ಲೌನಿಂದ ಹೊರಗೆ ಬರೋದು ನೋಡಿದ್ರಾ? ಇಲ್ಲಾ, ನೆಲದ ಮೇಲೆ ಇದ್ದದ್ದು ನೋಡಿದ್ರಾ?"

ಅಲ್ಲಿ ಒಂದು ಉಸಿರಿನಷ್ಟು ಸಮಯವಿತ್ತು. ನೆಲದ ಮೇಲೆ ಇದ್ದದ್ದು ನೋಡಿದೆ ಎಂದಿದ್ದರೆ ಅವರು ತಲೆಯಾಡಿಸಿ ವಾಪಸು ಹೋಗುತ್ತಿದ್ದರು, ಮುಷ್ಟಿ ಹಾಗೇ ಉಳಿಯುತ್ತಿತ್ತು. ಐದು ವರ್ಷಕ್ಕೊಮ್ಮೆ ಬಂದ ಮನುಷ್ಯನನ್ನು ಬರಿಗೈಲಿ ಕಳಿಸುವುದು ಹೇಗೆ? ಅದೂ ಅಲ್ಲದೆ ಚೆಂಡು ನೆಲದಲ್ಲಿದೆ ಅಂದ ಮೇಲೆ ಗ್ಲೌನಿಂದ ಬೀಳದೆ ಆಕಾಶದಿಂದ ಉದುರಿತೇ? ಫೋನಿನಲ್ಲಿ ಸದ್ದು ಕೇಳಿದಷ್ಟೇ ಸಲೀಸಾಗಿ ನನಗೆ ರೋಗ ತಿಳಿದುಹೋಗಿತ್ತು.

"ಬರೋದು ನೋಡಿದೆ" ಅಂದೆ. "ಗ್ಲೌನಿಂದ ಜಾರಿ ಬಿತ್ತು."

"ಸರಿ" ಅಂದರು ಮಾವ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಪ್ಲೇಟಿಗೆ ಹಿಂದಿರುಗಿ, ಎಲ್ಲರಿಗೂ ಕಾಣುವಂತೆ ನಿಂತು, ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದರು. "ಸೇಫ್."

ಗೆದ್ದ ಡಿಪೊದವರಿಗೇ ನಂಬಿಕೆ ಬರಲಿಲ್ಲ. ಅವರಲ್ಲಿ ಹೆಚ್ಚಿನವರನ್ನು ಒಮ್ಮೆಯಾದರೂ ಫೇಲು ಮಾಡಿದ ಕೈ ಅದು, ಆ ಕೈ ತನ್ನ ಮಾತನ್ನು ತಾನೇ ವಾಪಸು ತೆಗೆದುಕೊಂಡದ್ದನ್ನು ಅವರು ಕಂಡಿರಲಿಲ್ಲ. ಆಮೇಲೆ ಕುಣಿತ ಶುರುವಾಯಿತು. ಅಂಚೆಯವರು ತಕರಾರು ಎತ್ತದೆ ಸಾಮಾನು ಕಟ್ಟಿಕೊಳ್ಳತೊಡಗಿದರು. ಬೆಂಚಿನ ಮೇಲೆ ಪೋಸ್ಟ್‌ಮ್ಯಾನ್ ತಲೆ ತಗ್ಗಿಸಿ ಕೂತಿದ್ದರು, ಯಾರೋ ಅವರ ಕತ್ತಿಗೆ ನೀರು ಸುರಿಯುತ್ತಿದ್ದರು. ನಾನು ಎದೆಯುಬ್ಬಿಸಿಕೊಂಡು ಅವರನ್ನು ದಾಟಿ ಬಂದೆ.

ಅಂಪೈರುಗಳಿಗೆ ಬಟ್ಟೆ ಬದಲಿಸಲು ಕೊಟ್ಟಿರುವುದು ಮೈದಾನದ ನೀರಿನ ಪಂಪಿನ ಕೋಣೆ. ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ನಾಲ್ಕು ಮೊಳೆ. ಮಾವ ಸೊಂಟದ ಚೀಲ ಬಿಚ್ಚಿ ಮೊಳೆಗೆ ತೂಗುಹಾಕಿ, ಮುಖ ತೊಳೆಯಲು ಹೊರಗಿನ ನಲ್ಲಿಗೆ ಹೋದರು. ನಾನು ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಹೆಂಡತಿಗೆ ಇದನ್ನು ಹೇಗೆ ಹೇಳಬೇಕು, ಯಾವ ಜಾಗದಲ್ಲಿ ಸ್ವಲ್ಪ ತಡೆದು ಹೇಳಬೇಕು ಎಂದು ಯೋಚಿಸುತ್ತಾ ಜೇಬಿನಿಂದ ಚೆಂಡನ್ನು ತೆಗೆದೆ.

ಅದಕ್ಕೆ ಪೆಟ್ಟಿನ ಒಂದು ಗುರುತೂ ಇರಲಿಲ್ಲ.

ಬ್ಯಾಟಿನ ಪೆಟ್ಟು ತಿಂದ ಚೆಂಡಿಗೆ ಒಂದು ಕಡೆ ಕಪ್ಪಗೆ ಕಂದಿರುತ್ತದೆ. ಹುಲ್ಲಿನ ಮೇಲೆ ಉರುಳಿದ್ದರೆ ಹಸಿರು ಅಂಟಿರುತ್ತದೆ. ಇದರ ಮೇಲೆ ಇದ್ದದ್ದು ನಮ್ಮ ಅಡುಗೆಮನೆಯಲ್ಲಿ ಮಾವ ಬೆರಳಿನಿಂದ ತಿಕ್ಕಿದ ಮಣ್ಣಿನ ಲೇಪ, ಬಿದ್ದಲ್ಲಿ ಹತ್ತಿದ ಒಂದಿಷ್ಟು ಕೆಂಧೂಳು ಮಾತ್ರ. ಇದು ಬ್ಯಾಟನ್ನು ಕಂಡ ಚೆಂಡೇ ಅಲ್ಲ. ತಿರುಗಿಸಿ ನೋಡಿದೆ, ಮತ್ತೆ ತಿರುಗಿಸಿದೆ.

ಎದ್ದು ಚೀಲ ನೋಡಿದೆ. ಪಿನ್ನು ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ತಂದದ್ದು ಆರು ಚೆಂಡು. ಒಂದು ಮೂರನೇ ಇನ್ನಿಂಗ್ಸಿನಲ್ಲಿ ಗೋಡೆಯಾಚೆ ಹೋಗಿ ಸಿಗದೇ ಹೋಯಿತು. ಒಂದರ ಹೊಲಿಗೆ ಕಿತ್ತಿತು. ಒಂದು ಆಟದಲ್ಲಿತ್ತು. ಚೀಲದಲ್ಲಿ ಮೂರು ಇರಬೇಕು. ಇದ್ದದ್ದು ಎರಡು. ಮಾವ ಮಂಡಿಯೂರಿ ಕುಸಿದಾಗ ಚೀಲದಿಂದ ಉದುರಿದ ಚೆಂಡನ್ನು ನಾನು ನೆಲದ ಮೇಲೆ ನೋಡಿದ್ದೆ. ಅದು ಪೋಸ್ಟ್‌ಮ್ಯಾನಿನ ಗ್ಲೌನಿಂದ ಬಿದ್ದದ್ದನ್ನು ನೋಡಿದೆ ಎಂದಿದ್ದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಪ್ರತ್ಯಕ್ಷವೂ ಕಾಣದೆ ಪ್ರಮಾಣ ಮಾಡಿಬಿಟ್ಟಿದ್ದೆ.

ಹೊರಗೆ ನಲ್ಲಿ ನಿಂತಿತು. ಮುಂದೆ ನಾನು ಮಾಡಿದ್ದನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ. ನನ್ನ ಕೈ ಆ ಚೆಂಡನ್ನು ಚೀಲದೊಳಗೆ ಹಾಕಿತು. ನಾನು ಹಾಕಿದೆ ಅನ್ನಬೇಕು, ಕೈಯ ಮೇಲೆ ಏಕೆ ಹೇಳಲಿ. ಹಾಕಿ, ಕುರ್ಚಿಗೆ ಬಂದು ಬೂಟಿನ ದಾರ ಬಿಚ್ಚುವವನಂತೆ ಬಗ್ಗಿದೆ.

ಮಾವ ಮುಖ ಒರೆಸಿಕೊಳ್ಳುತ್ತಾ ಬಂದರು. ಆಟ ಮುಗಿದ ಮೇಲೆ ಚೆಂಡು ಎಣಿಸುವುದು ಅವರ ಪದ್ಧತಿ. ಚೀಲ ತೆಗೆದುಕೊಂಡು, "ಪಿನ್ನು ಬಿಚ್ಚಿಕೊಂಡಿದೆ" ಅಂದರು. ಒಳಗೆ ಕೈ ಹಾಕಿ ಎಣಿಸಿದರು. "ಮೂರು. ಸದ್ಯ, ಬಿದ್ದಿಲ್ಲ. ಆಟದ ಚೆಂಡೆಲ್ಲಿ?"

"ಡಿಪೊದವರು ಇಸ್ಕೊಂಡ್ರು" ಅಂದೆ ಬೂಟಿನ ಕಡೆ ನೋಡುತ್ತಾ. "ಗೆದ್ದ ಚೆಂಡು ಅಂತ ಇಟ್ಕೋತಾರಂತೆ."

"ಇಟ್ಕೊಳ್ಳಲಿ" ಅಂದು ಮೇಜಿಗೆ ಕೂತು ವರದಿ ಬರೆದರು. ಬರೆದದ್ದನ್ನು ನನಗೆ ಓದಿ ಹೇಳಿದರು. ಚೆಂಡು ಗ್ಲೌನಿಂದ ಬೀಳುವುದನ್ನು ಬೇಸ್ ಅಂಪೈರ್ ಕಣ್ಣಾರೆ ನೋಡಿದ್ದರಿಂದ ಔಟ್ ತೀರ್ಪನ್ನು ಸೇಫ್ ಎಂದು ಬದಲಿಸಲಾಯಿತು. ಕೆಳಗೆ ಅವರು ಸಹಿ ಹಾಕಿ ಪೆನ್ನನ್ನು ನನ್ನ ಕಡೆ ತಿರುಗಿಸಿದರು. ನಾನೂ ಹಾಕಿದೆ. ನನ್ನ ಸಹಿ ಎಂದಿನ ಹಾಗೇ ಬಂದದ್ದು ನೋಡಿ ನನಗೇ ದಿಗಿಲಾಯಿತು.

ಆಗ ಬಾಗಿಲು ಬಡಿದ ಸದ್ದು.

ಪೋಸ್ಟ್‌ಮ್ಯಾನ್ ಒಬ್ಬರೇ ಬಂದಿದ್ದರು. ಎಡಗೈಯ ಬೆರಳುಗಳು ಬೆಂಡಿನ ಹಾಗೆ ಊದಿದ್ದವು. ಬಲಗೈಯಲ್ಲಿ ಆ ದಪ್ಪ ಗ್ಲೌ. ಅದನ್ನು ಮೇಜಿನ ಮೇಲೆ, ವರದಿಯ ಪಕ್ಕಕ್ಕೆ ಇಟ್ಟು, ಬಾಯಿ ಅಗಲಿಸಿದರು. ಒಳಗೆ ಚೆಂಡು ಕೂತಿತ್ತು. ಒಂದು ಮಗ್ಗುಲಿಗೆ ಕಪ್ಪಗೆ ಕಂದು, ಇನ್ನೊಂದು ಮಗ್ಗುಲಿಗೆ ಹುಲ್ಲಿನ ಹಸಿರು.

"ಕೈ ಜೋಮು ಹಿಡಿದಿತ್ತು ಸಾರ್" ಅಂದರು. ಸಿಟ್ಟಿರಲಿಲ್ಲ, ಅವರೇ ಬೆರಗಾಗಿದ್ದರು. "ಬೆರಳು ಊದಿ ಗ್ಲೌ ಬರಲೇ ಇಲ್ಲ. ಈಗ ಪಟ್ಟಿ ಬಿಚ್ಚಿ ಎಳೆದ್ರೆ ಒಳಗೆ ಇದು. ನೀವು ಬಿತ್ತು ಅಂದ್ರಲ್ಲ, ಬಿತ್ತು ಅಂತಲೇ ನಾನೂ ಅಂದ್ಕೊಂಡಿದ್ದೆ."

ಮಾವ ಚೆಂಡನ್ನು ನೋಡಿದರು. ಆಮೇಲೆ ಚೀಲ ಎಳೆದುಕೊಂಡು ಇನ್ನೊಮ್ಮೆ ಎಣಿಸಿದರು, ಈ ಸಲ ಒಂದೊಂದನ್ನೇ ಮೇಜಿನ ಮೇಲೆ ಇಡುತ್ತಾ. ಒಂದು, ಎರಡು, ಮೂರು. ಅವರ ಮುಖ ನಿಧಾನವಾಗಿ ಪರೀಕ್ಷೆಯ ಕಾರಿನ ಮುಖವಾಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು.

"ಗೋಡೆ ಆಚೆ ಒಂದು ಚೆಂಡು ಹೋಗಿತ್ತಲ್ಲ" ಅಂದರು. "ಹುಡುಕೋಕೆ ಹೋದೋರು ನಿಮ್ಮವರೇ ಅಲ್ವಾ?"

"ಹೌದು ಸಾರ್. ಸಿಗಲಿಲ್ಲ."

"ನನ್ನ ಚೀಲದಲ್ಲಿ ಮೂರಿರಬೇಕು, ಮೂರಿದೆ. ಆಟದ ಚೆಂಡು ಡಿಪೊದವರ ಹತ್ರ ಇದೆ. ಹಾಗಾದ್ರೆ ಇದು ಯಾವುದು?"

ಪೋಸ್ಟ್‌ಮ್ಯಾನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖದ ರಕ್ತವೆಲ್ಲಾ ಇಳಿದುಹೋಯಿತು. ಊದಿದ ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡರು, ಅದನ್ನೂ ಇಲ್ಲಿ ಯಾರಾದರೂ ಸುಳ್ಳು ಅಂದುಬಿಟ್ಟಾರು ಎಂಬಂತೆ.

"ಇಪ್ಪತ್ತೆರಡು ವರ್ಷ ಈ ಊರಿನ ಕಾಗದ ಹೊತ್ತಿದೀನಿ ಸಾರ್" ಅಂದರು. "ಯಾರದೂ ಒಂದು ಲಕೋಟೆ ಬಿಚ್ಚಿ ನೋಡಿಲ್ಲ."

"ನಾನು ಕೇಳಿದ್ದು ಅದಲ್ಲ."

"ನೀವು ಕೇಳಿದ್ದು ಅದೇ ಸಾರ್."

ನಾನು ಬೂಟಿನ ದಾರ ಹಿಡಿದುಕೊಂಡು ಕೂತಿದ್ದೆ. ಚೆಂಡನ್ನು ಚೀಲಕ್ಕೆ ಹಾಕುವಾಗ ನನ್ನ ಮಾನ ಉಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ ಅಂದುಕೊಂಡಿದ್ದೆ. ಅದು ಇನ್ನೊಬ್ಬರ ಮಾನಕ್ಕೆ ಬರುತ್ತದೆಂದು ನನಗೆ ಹೊಳೆದಿರಲೇ ಇಲ್ಲ. ಸುಮ್ಮನಿದ್ದರೆ ಈ ಮನುಷ್ಯ ಬಾಗಿಲು ದಾಟುವ ಹೊತ್ತಿಗೆ ಕಳ್ಳನಾಗಿರುತ್ತಾರೆ. ನಾಳೆ ಬೆಳಿಗ್ಗೆ ಇವರೇ ಬಂದು ನಮ್ಮ ಮನೆಯ ಕಾಗದವನ್ನು ನನ್ನ ಕೈಗೆ ಕೊಡುತ್ತಾರೆ. ನಾನು ಅದನ್ನು ಇಸಿದುಕೊಳ್ಳಬೇಕು.

"ಮಾವ" ಅಂದೆ. "ಚೆಂಡು ಗ್ಲೌನಿಂದ ಬರೋದು ನಾನು ನೋಡಿಲ್ಲ."

ಮಾವ ನನ್ನ ಕಡೆ ತಿರುಗಿದರು.

"ನಾನು ತಿರುಗೋ ಹೊತ್ತಿಗೆ ಅದು ನೆಲದ ಮೇಲಿತ್ತು. ನಿಮ್ಮ ಚೀಲದಿಂದ ಬಿದ್ದ ಚೆಂಡು ಅದು. ಈಗ ಇಲ್ಲಿ ಕೂತು ನೋಡಿದಾಗ ಗೊತ್ತಾಯ್ತು. ಗೊತ್ತಾದ ಮೇಲೆ ವಾಪಸ್ ಚೀಲಕ್ಕೆ ಹಾಕಿದೆ. ಡಿಪೊದವರು ಯಾವ ಚೆಂಡೂ ಇಸ್ಕೊಂಡಿಲ್ಲ."

ಮಾವ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಮೇಜಿನ ಮೇಲಿನ ಮೂರು ಚೆಂಡುಗಳಲ್ಲಿ ಒಂದನ್ನು ಎತ್ತಿ, ಬೆರಳಿಂದ ಸವರಿ, ಕೆಳಗಿಟ್ಟರು. ಇನ್ನೊಂದನ್ನೂ ಹಾಗೇ ಮಾಡಿದರು. ಮೂರನೆಯದಕ್ಕೆ ಅಂಟಿದ್ದ ಪ್ಲೇಟಿನ ಬಳಿಯ ಕೆಂಧೂಳು ಅವರ ಹೆಬ್ಬೆರಳಿಗೆ ಹತ್ತಿತು.

"ಹನ್ನೊಂದು ಸಲ ಬರಲಿಲ್ಲ ಅಂತ ಲೆಕ್ಕ ಇಟ್ಟಿದ್ರಿ" ಅಂದರು ಕೊನೆಗೆ. "ಹೋದ ವಾರ ನೀವು ಹೇಳಿದ್ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಳಿಯಂದ್ರು ಹೇಳೋದ್ರಲ್ಲಿ ನ್ಯಾಯ ಇದೆ ಅನ್ನಿಸ್ತು. ಅದಕ್ಕೇ ಇವತ್ತು ಬಂದೆ."

ಅವರು ಸೋತು ಬಂದದ್ದಲ್ಲ, ಜನರ ಗಲಾಟೆಗೆ ಹೆದರಿ ಬಂದದ್ದೂ ಅಲ್ಲ. ನನ್ನ ಮಾತನ್ನು ನಂಬಿ ಬಂದಿದ್ದರು. ನನ್ನ ಮಾತನ್ನು ಅಷ್ಟು ನಂಬಿದವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ, ನಾನೂ ಸೇರಿದಂತೆ.

"ಈಗೇನೂ ಮಾಡೋಕಾಗಲ್ವಾ ಸಾರ್?" ಅಂದರು ಪೋಸ್ಟ್‌ಮ್ಯಾನ್.

"ಆಗಲ್ಲ" ಅಂದರು ಮಾವ. "ಅಂಪೈರು ಮೈದಾನ ಬಿಟ್ಟ ಮೇಲೆ ತೀರ್ಪು ಬದಲಾಗಲ್ಲ. ಡಿಪೊ ಗೆದ್ದಿದೆ. ನೀವು ಸೋತಿದೀರಿ. ನಾನು ಬದಲಿಸಿದ್ದು, ನಾನೇ ಮಾಡಿದ್ದು. ಇವರು ಏನೇ ಹೇಳಿರಲಿ, ಕೈ ನನ್ನದು." ಆಮೇಲೆ ಪೋಸ್ಟ್‌ಮ್ಯಾನಿನ ಕಣ್ಣು ನೋಡಿ ಹೇಳಿದರು, "ನಿಮ್ಮನ್ನ ಕಳ್ಳ ಅಂದೆ. ಅದು ಮಾತ್ರ ಬದಲಾಗುತ್ತೆ. ತಪ್ಪಾಯ್ತು."

ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಮೊದಲ ಸಲ ಕೇಳಿದ್ದು. ಕೇಳಬೇಕೆಂದು ಐದು ವರ್ಷ ಕಾದಿದ್ದೆ. ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು.

ಬರೆದಿದ್ದ ವರದಿಯನ್ನು ಅವರು ಅಡ್ಡಡ್ಡ ಹರಿದರು. ಹೊಸ ಹಾಳೆಯೊಂದನ್ನು ನನ್ನ ಮುಂದೆ ಇಟ್ಟು ಪೆನ್ನು ಕೊಟ್ಟರು. "ನೀವೇ ಬರೀರಿ. ನೋಡಿದ್ದಷ್ಟೇ."

ಬರೆದೆ. ನಾನು ತಿರುಗಿದಾಗ ನೆಲದ ಮೇಲೆ ಒಂದು ಚೆಂಡನ್ನು ನೋಡಿದೆ. ಮುಂದೆ ಬರೆಯಲು ನೋಡಿದರೆ ನಾನು ನೋಡಿದ್ದು ಅಷ್ಟೇ ಇತ್ತು. ಆಮೇಲೆ ನಾನು ಏನೇನು ಹೇಳಿದೆ, ಏನೇನು ಮಾಡಿದೆ ಎಂಬುದನ್ನು ಒಂದೊಂದಾಗಿ ಬರೆದು ಕೆಳಗೆ ಸಹಿ ಹಾಕಿದೆ. ಈ ಸಲ ಸಹಿ ಸೊಟ್ಟಗಾಯಿತು. ಮಾವ ಹಾಳೆಯನ್ನು ಓದಿ ಮಡಿಸಿ ಜೇಬಿನಲ್ಲಿಟ್ಟರು. ಇನ್ನು ಮುಂದೆ ಭಾನುವಾರಗಳಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಪೋಸ್ಟ್‌ಮ್ಯಾನ್ ಗ್ಲೌ ಎತ್ತಿಕೊಂಡು ಹೊರಡಲು ತಿರುಗಿದರು.

"ನಿಲ್ಲಿ" ಅಂದರು ಮಾವ.

ಅವರು ಎದ್ದು ನಿಂತರು. ಮೊಳೆಯಿಂದ ಟೋಪಿ ತೆಗೆದು ತಲೆಗೆ ಇಟ್ಟುಕೊಂಡರು. ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡರು. ಪಂಪು ಮತ್ತು ಮೇಜಿನ ನಡುವಿನ ಮೂರಡಿ ಜಾಗದಲ್ಲಿ, ಮೈದಾನದಲ್ಲಿ ನಿಲ್ಲುವಂತೆಯೇ ಕಾಲು ಅಗಲಿಸಿ ನಿಂತರು.

"ಚೆಂಡು ತೋರಿಸಿ."

ಪೋಸ್ಟ್‌ಮ್ಯಾನ್ ಗ್ಲೌ ಅಗಲಿಸಿ ಮುಂದೆ ಹಿಡಿದರು. ಮಾವ ಬಗ್ಗಿ ಚೆಂಡನ್ನು ನೋಡಿದರು, ಅವಸರವಿಲ್ಲದೆ, ಪೂರ್ತಿಯಾಗಿ. ಆಮೇಲೆ ನೆಟ್ಟಗಾಗಿ ಮುಷ್ಟಿ ಎತ್ತಿ, ಇಡೀ ಮೈದಾನಕ್ಕೆ ಕೇಳುವ ದನಿಯಲ್ಲಿ ಕೂಗಿದರು.

"ಔಟ್."

ಪೋಸ್ಟ್‌ಮ್ಯಾನ್ ಗ್ಲೌ ಮುಚ್ಚಿ ಎದೆಗೆ ಒತ್ತಿಕೊಂಡರು, ಅವರ ಕಣ್ಣು ತುಂಬಿತ್ತು. ಹೊರಗೆ ಡಿಪೊದವರು ಇನ್ನೂ ಕುಣಿಯುತ್ತಿದ್ದರು. ಆ ತೀರ್ಪನ್ನು ಕೇಳಿಸಿಕೊಂಡವರು ನಾವಿಬ್ಬರೇ.